ಶೋರ್ ಪಾಸ್

ಬೈತಖೋಲದ ಧಕ್ಕೆಯಲ್ಲಿ ಡಾಂಬರಿನ ಹಡಗು.
ಖಾಲಿಯಾಗಲು ಇನ್ನೂ ಎರಡು ದಿನ.
ಬಿಸಿ ಇರುವಷ್ಟು ಹೊತ್ತು ಹೊಳೆ, ಆರಿದರೆ ರಸ್ತೆ
ಎನ್ನುತ್ತಾನೆ ನಮ್ಮ ಏಜೆನ್ಸಿಯ ಶಾಬು ಕಾಣಕೋಣಕರ್,
ಪ್ರತಿ ಹಡಗಿಗೂ ಇದನ್ನೇ ಎನ್ನುತ್ತಾನೆ.

ನನ್ನ ಕೆಲಸ ಪಾಸ್‌ಪೋರ್ಟುಗಳ ಝೆರಾಕ್ಸು.
ಹದಿನೆಂಟು ಜನ. ಹದಿನಾರು ಫಿಲಿಪಿನೋ, ಒಬ್ಬ ರತ್ನಾಗಿರಿಯವ,
ಮತ್ತೆ ಸೆಕೆಂಡ್ ಇಂಜಿನಿಯರ್ ರಾದೋಯೆ,
ಊರು ಕೋಟೊರ್ ಕೊಲ್ಲಿ, ದೇಶ ಮಾಂಟೆನೆಗ್ರೊ.
ರಿಜಿಸ್ಟರಿನ ಕಾಲಮ್ಮಿಗಿಂತ ಹೆಸರೇ ಉದ್ದ.
ಅರ್ಥವೇನು ಎಂದೆ. ಕರಿಬೆಟ್ಟ, ಎಂದ.
ನಮ್ಮದು ಕಾಳಿ, ಎಂದು ಗೋಡೆಯ ಕಡೆ ಕೈ ತೋರಿಸಿದೆ,
ನದಿ ಇಲ್ಲಿಂದ ಕಾಣುವುದಿಲ್ಲ.

ರಬ್ಬರ್ ಬ್ಯಾಂಡು ಸುತ್ತಿದ ಮೂರು ಪಾಸ್‌ಪೋರ್ಟು ಅವನ ಬಳಿ.
ಎರಡು ಸತ್ತ ದೇಶಗಳವು, ಮೂಲೆ ಕತ್ತರಿಸಿದವು.
ಒಂದೇ ಮನೆಯ ಮೆಟ್ಟಿಲಿಳಿದು
ಮೂರು ದೇಶದವನಾಗಿ ಹಡಗು ಹತ್ತಿದ್ದಾನೆ.
ಈಗ ನಾಲ್ಕನೆಯದಕ್ಕೆ ಕಾಯುತ್ತಾನೆ: ದೇಶ ಅದೇ,
ಮೇಲುಗಡೆ ಯುರೋಪಿನ ಒಕ್ಕೂಟದ ಹೆಸರು.
ನಿವೃತ್ತಿಗೆ ಮೊದಲೋ ಆಮೇಲೋ.
ಝೆರಾಕ್ಸಿನಲ್ಲಿ ಎಲ್ಲವೂ ಒಂದೇ ಬೂದು.

ಮೂವತ್ತಮೂರು ಅಧ್ಯಾಯ, ಎಂದು ಬೆರಳು ಮಡಿಸಿದ,
ಬೆರಳು ಸಾಲದೆ ನನ್ನ ಸ್ಟೇಪ್ಲರ್ ಪಿನ್ನು ಎಣಿಸಿದ.
ಕೋರ್ಟಿಗೊಂದು, ಪರಿಸರಕ್ಕೊಂದು, ಮೀನಿಗೂ ಒಂದು.
ತೆರೆಯುವುದು ಸಲೀಸು, ಮುಚ್ಚುವುದೇ ಕಷ್ಟ.
ಯಾರೋ ಬಂದು ಅವನ ತಂಗಿಯ ಮೀನಂಗಡಿಯಲ್ಲಿ
ಮಂಜುಗಡ್ಡೆಗೆ ಥರ್ಮಾಮೀಟರ್ ಇಟ್ಟು ನೋಡಿ ಹೋದರಂತೆ.
ಬೈತಖೋಲಕ್ಕೆ ಬಂದರೆ? ಎಂದೆ.
ಹೊರಗೆ ನೋಡಿದ: ಬುಟ್ಟಿ, ನೊಣ, ಹರಿದ ಕೊಡೆ,
ಬಂಗಡೆಗೆ ನೀರು ಚಿಮುಕಿಸುತ್ತ
ಯಾರನ್ನೋ ಬೈಯುತ್ತಿದ್ದ ಪ್ರೇಮಾಬಾಯಿ.
ಈ ಅಧ್ಯಾಯ ಮುಚ್ಚುವುದಿಲ್ಲ, ಎಂದ, ಖುಷಿಯಿಂದ.

ಅವರ ದೇಶದ ಜನ ಆರು ಲಕ್ಷ ಚಿಲ್ಲರೆ.
ನಮ್ಮ ಜಿಲ್ಲೆಯ ಅರ್ಧವೂ ಇಲ್ಲ! ಶಾಬು ಎದೆಯುಬ್ಬಿಸಿದ,
ಎದೆನೋವು ಬಂದರೆ ಗೋವೆಗೋ ಮಣಿಪಾಲಕ್ಕೋ ಓಡುವುದನ್ನು
ಆ ಹೊತ್ತಿಗೆ ಮರೆತು.

ಜೇಬಿನಿಂದ ಒಂದು ಯೂರೋ ತೆಗೆದಿಟ್ಟ.
ಒಳಗೆ ಕರೆದಿಲ್ಲ, ಆದರೆ ಅವರ ದುಡ್ಡೇ ನಮ್ಮ ದುಡ್ಡು.
ನಾಣ್ಯದ ಬೆನ್ನಿಗೆ ಐರ್ಲೆಂಡಿನ ತಂತಿವಾದ್ಯ.
ನಮ್ಮ ಬೆಟ್ಟ ಯಾವುದರ ಮೇಲೂ ಇಲ್ಲ, ಎಂದ.

ಆಗ ಹೇಳಬಹುದಿತ್ತು ಆಯಿಯ ಕತೆ.
ಶೇವಂತಿ ಆಯಿ, ಅಪ್ಪನ ತಾಯಿ. ತವರು ಪೊಳೆಂ,
ಕೊಟ್ಟದ್ದು ಮಾಜಾಳಿಗೆ. ನಡುವೆ ಗುಡ್ಡ,
ಗುಡ್ಡದಾಚೆ ಪೋರ್ಚುಗಲ್.
ಗಡಿ ಬಿಗಿದ ವರ್ಷ ಅವಳ ತಂಗಿ ಹೆತ್ತಳು.
ಆಯಿ ಅರ್ಜಿ ಹಾಕಿ, ಮೆಂತೆಯುಂಡೆ ಕಟ್ಟಿಟ್ಟು ಕಾದಳು.
ಫೋಟೋ ಕೇಳಿದರು. ತಂಗಿ ತಂಗಿಯೇ ಎನ್ನಲು
ಇಬ್ಬರು ಗಂಡಸರ ಸಾಕ್ಷಿ ಕೇಳಿದರು.
ಮುದ್ರೆ ಬಿದ್ದು ಬಂದಾಗ ಉಂಡೆ ಕಲ್ಲಾಗಿತ್ತು,
ಮಗು ಕವುಚಿಕೊಂಡು, ತೆವಳಲು ಹೊರಟಿತ್ತು.

ಆಮೇಲೆ ಒಂದು ಡಿಸೆಂಬರಿನಲ್ಲಿ ಗಡಿ ಹೋಯಿತು.
ಹೇಳಬೇಕಾದದ್ದು ಅದಲ್ಲ.
ತೆರೆದ ಮೇಲೆ ಆಯಿ ಪೊಳೆಂಗೆ ಹೋದದ್ದು
ವರ್ಷಕ್ಕೊಮ್ಮೆ, ಕೆಲವು ವರ್ಷ ಅದೂ ಇಲ್ಲ.
ದಾರಿ ಇದೆಯಲ್ಲ, ಎನ್ನುತ್ತಿದ್ದಳು, ಯಾವಾಗ ಹೋದರೂ ಆಯ್ತು.
ಬಸ್ಸು ಚೆಕ್‌ಪೋಸ್ಟು ದಾಟುವಾಗ ಮಾತ್ರ
ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುವಳು,
ಅಲ್ಲೀಗ ಹುಡುಕುವುದು ಬರೀ ಬಾಟಲಿ ಎಂದು ಗೊತ್ತಿದ್ದೂ.

ಹೇಳಲಿಲ್ಲ. ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು.
ಅವನೇ ಅಂಜುದೀವದ ಕಡೆ ಬೆರಳು ಮಾಡಿ, ಅದೂ ನಿಮ್ಮದೋ, ಎಂದ.
ಕಣ್ಣಿಗೆ ನಮ್ಮದು, ಕಾಗದಕ್ಕೆ ಗೋವೆಯದು.
ತಲೆಯಾಡಿಸಿದ. ಇದೊಂದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ರಾತ್ರಿ ಹತ್ತರೊಳಗೆ ಪಾಸು ಮರಳಿಸಬೇಕು.
ಹತ್ತಕ್ಕೆ ಐದು ನಿಮಿಷ ಇರುವಾಗ ಬಂದ, ತಲೆ ಒದ್ದೆ,
ಕಿವಿಯ ಹಿಂದೆ ಮರಳು.
ಸಮುದ್ರಕ್ಕಿಳಿಯಲು ಆ ಪಾಸಿನಲ್ಲಿ ಅನುಮತಿ ಇತ್ತೋ,
ನಾನು ಓದಿ ನೋಡಲಿಲ್ಲ. ಸಹಿ ಮಾಡಿದ. ವೇಳೆ ಬರೆದೆ.

ನಾಣ್ಯ ಮರೆತನೋ, ಬಿಟ್ಟನೋ,
ಪಿನ್ನಿನ ಡಬ್ಬಿಯಲ್ಲಿದೆ.
ಇದು ಎಲ್ಲಿ ನಡೀತದೆ? ಶಾಬು ಕೇಳುತ್ತಾನೆ.
ಅವನ ಊರಲ್ಲಿ, ಎನ್ನುತ್ತೇನೆ,
ಸದ್ಯಕ್ಕೆ ಕಾಗದವಿಲ್ಲದೆ.